ನುಡಿ-ಪೇಜ್‌ಮೇಕರ್, ಯೂನಿಕೋಡ್-ಇನ್‌ಡಿಸೈನ್, ಝೀಲಾಟೆಕ್: ಒಂದೇ ಲಗ್ನಪತ್ರಿಕೆ ಮೂರು ಸಲ

ಬೆಳಗಾವಿಯ ಖಡೇಬಜಾರದ ಹಿಂದಿನ ಗಲ್ಲಿಯಲ್ಲಿ ನಮ್ಮ ಪ್ರೆಸ್. ಈ ಲಗ್ನಸರಾಯಿಯಲ್ಲಿ ಶಹಾಪುರದವರ ಒಂದು ಪತ್ರಿಕೆಯನ್ನು ಮೂರು ರೀತಿ ಕಂಪೋಸ್ ಮಾಡಿ, ಅದೇ 600 ಡಿಪಿಐ (ಇಂಚಿಗೆ 600 ಚುಕ್ಕೆ) ಲೇಸರ್ ಪ್ರಿಂಟರಿನಲ್ಲಿ ಟ್ರೇಸಿಂಗ್ (ಛಾಪಿಸಲು ಬೇಕಾದ ಅರೆಪಾರದರ್ಶಕ ಹಾಳೆಯ ಪ್ರತಿ) ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ನಮ್ಮ ಊರಲ್ಲಿ ಇದು ದಿನದ ಕೆಲಸ.

ಮೊದಲು ಕೈಗೆ ಒಗ್ಗಿದ್ದು: ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ 7, ನುಡಿ ಫಾಂಟ್. ಪೇಜ್‌ಮೇಕರ್ 2001ರದು, ಮುಂದಿನ ಆವೃತ್ತಿ ಬರಲೇ ಇಲ್ಲ, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂತಿವೆ. ಹಾಗಾಗಿ ತಾನು ಕನ್ನಡ ಕೂಡಿಸುತ್ತಿದ್ದೇನೆಂಬ ಸುಳಿವೇ ಪೇಜ್‌ಮೇಕರಿಗೆ ಇರುವುದಿಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ. ಒತ್ತು ಒಂದು ಬಿಡಿ ತುಣುಕು. ಪಕ್ಕದ್ದಕ್ಕೆ ತಗುಲಿದರೆ ಕರ್ನಿಂಗ್ (ಅಕ್ಷರಗಳ ನಡುವಿನ ಅಂತರ) ಕೊಟ್ಟು ಸರಿಸಿದರಾಯಿತು. ಆದರೆ ಗಿರಾಕಿ ವಾಟ್ಸಾಪಿನಲ್ಲಿ ಯೂನಿಕೋಡಿನಲ್ಲಿ ಕಳಿಸಿದ ಹೆಸರುಗಳನ್ನು ತಂದು ಅಂಟಿಸಿದರೆ ಬರೀ ಪ್ರಶ್ನೆ ಚಿಹ್ನೆ. ಪರಿವರ್ತಕಕ್ಕೆ ಹಾಕಬೇಕು, ಇಲ್ಲವೇ ಮತ್ತೆ ಹೊಡೆಯಬೇಕು. ಫೈಲನ್ನು ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಗೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಮರಾಠಿ ಬದಿಗಂತೂ ಫಾಂಟೂ ಬೇರೆ, ಕೀಲಿಮಣೆಯೂ ಬೇರೆ.

ಇನ್‌ಡಿಸೈನಿನಲ್ಲಿ (ಇದೂ ಪುಟ ಕಟ್ಟುವ ಸಾಫ್ಟ್‌ವೇರೇ, ಆದರೆ ಯೂನಿಕೋಡ್ ಗೊತ್ತು) ಕನ್ನಡಕ್ಕೆ ನೋಟೋ ಸೆರಿಫ್ ಕನ್ನಡ ಫಾಂಟ್, ಮರಾಠಿಗೆ ಅದೇ ಮನೆತನದ ದೇವನಾಗರಿ. ಅಂಟಿಸಿದ್ದು ಅಂಟಿಸಿದ ಹಾಗೇ ಬಂತು. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಇಲ್ಲೂ ನಡೆಯುವುದರಿಂದ ಬೆರಳಿಗೆ ಹೊಸ ಪಾಠವಿಲ್ಲ. ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ನಮ್ಮಂಥ ಲಿಪಿಗಳನ್ನು ಸರಿಯಾಗಿ ಕೂಡಿಸುವ ಆಯ್ಕೆ) ಆರಿಸುವುದನ್ನು ಮಾತ್ರ ಮರೆಯಬಾರದು. ಮರೆತರೆ ‘ಲಕ್ಷ್ಮೀ’ಯ ಒತ್ತುಗಳು ಚೆಲ್ಲಾಪಿಲ್ಲಿ.

ನಾನು ಅದನ್ನು ಮರೆಯಲಿಲ್ಲ, ಎಡವಿದ್ದು ಲೀಡಿಂಗಿನಲ್ಲಿ, ಅಂದರೆ ಸಾಲಿನಿಂದ ಸಾಲಿಗಿರುವ ಅಂತರದಲ್ಲಿ. ಪ್ರೂಫ್ ನೋಡಲು ಬಂದ ಹುಡುಗಿಯ ಚಿಕ್ಕಮ್ಮ ಕೇಳಿದರು: “ಅಕ್ಕಾರ, ನಮ್ಮ ಲಕ್ಷ್ಮೀ ಕೆಳಗಿನ ಒತ್ತು ಎಲ್ಲೆ ಹೋತ್ರಿ?” ನೋಡಿದರೆ ಒತ್ತು ಕೆಳಸಾಲಿನ ‘ಶ್ರೀ’ಯ ಗುಡಿಸಿನಲ್ಲಿ ಹೂತುಹೋಗಿದೆ. ಆಟೋ ಲೀಡಿಂಗ್ ಅಂದರೆ ಅಕ್ಷರದಳತೆಯ 120%. ಇಂಗ್ಲಿಷಿಗೆ ಸಾಕು, ಕೆಳಗೆ ಒತ್ತು ಜೋತುಬೀಳುವ ಕನ್ನಡಕ್ಕೆ ಸಾಲದು. 9 ಪಾಯಿಂಟಿನ ಅಕ್ಷರಕ್ಕೆ 14 ಪಾಯಿಂಟ್ ಲೀಡಿಂಗ್ ಕೊಟ್ಟೆ. ಸುಖಾಗಮನ ಬಯಸುವವರ ಪಟ್ಟಿ ಪುಟ ಮೀರಿತು. ಅದರಲ್ಲಿ ಒಂದು ಹೆಸರು ಬಿಟ್ಟರೂ ಲಗ್ನವೇ ನಿಂತೀತು! ಕೊನೆಗೆ ಪಟ್ಟಿಯನ್ನು ಎರಡು ಕಾಲಂ ಮಾಡಿದೆ.

ಝೀಲಾಟೆಕ್ (XeLaTeX) ಕೋಡ್ ಬರೆದು ಪುಟ ಕಟ್ಟುವ ಸಾಫ್ಟ್‌ವೇರ್, ಪುಕ್ಕಟೆ. ಫಾಂಟ್‌ಸ್ಪೆಕ್‌ನಲ್ಲಿ (ಫಾಂಟ್ ಆರಿಸುವ ಅದರ ಪ್ಯಾಕೇಜಿನಲ್ಲಿ) ಲಿಪಿ ಕನ್ನಡವೆಂದು ಹೇಳಿದರೆ ಒತ್ತುಗಳನ್ನು ತಪ್ಪಿಲ್ಲದೆ ಕೂಡಿಸುತ್ತದೆ. ಆದರೆ ಒತ್ತು ಇದ್ದಲ್ಲಿ ಸಾಲು ದೂರ, ಇಲ್ಲದಲ್ಲಿ ಹತ್ತಿರ, ಸಾಲಿನ ಅಂತರ ಹಿಗ್ಗಿಸುವ ಲೈನ್‌ಸ್ಪ್ರೆಡ್ 1.4 ಮಾಡಿದ ಮೇಲೆ ಸಮನಾಯಿತು. ಇನ್ನೂರು ಪುಟದ ಪುಸ್ತಕಕ್ಕೆ ಇದೇ ಬೇಕು. ಗಣಪತಿ ಚಿತ್ರವನ್ನು ಎರಡು ಮಿಲಿಮೀಟರ್ ಸರಿಸಲು ಕೋಡ್ ತಿದ್ದುತ್ತ ಕೂರುವುದು ನನ್ನಿಂದಾಗದು.

ಇನ್ನು ಪ್ರಿಂಟರ್. ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ ಪೋಸ್ಟ್‌ಸ್ಕ್ರಿಪ್ಟ್. ಅದು ತಿಳಿದ ಪೋಸ್ಟ್‌ಸ್ಕ್ರಿಪ್ಟ್ ಲೇಸರುಗಳ ಹೊಟ್ಟೆಯಲ್ಲೇ ಬರುತ್ತಿದ್ದ ರೂಢಿಯ 35 ಫಾಂಟುಗಳಲ್ಲಿ ಕನ್ನಡದ್ದು ಒಂದೂ ಇಲ್ಲ. ನಮ್ಮ ಅಕ್ಷರ ಪ್ರತಿ ಸಲ ಕಂಪ್ಯೂಟರಿನಿಂದಲೇ ಹೋಗಬೇಕು: ರೇಖೆಯಾಗಿಯೋ, ಚುಕ್ಕೆಗಳ ಚಿತ್ರವಾಗಿಯೋ. ಪಿಡಿಎಫ್‌ನಲ್ಲಿ ಯಾವಾಗಲೋ ‘ಇಮೇಜ್ ಆಗಿ ಪ್ರಿಂಟ್’ಗೆ ಟಿಕ್ ಹಾಕಿ ಬಿಟ್ಟಿದ್ದೆ, ಅದೂ 300 ಡಿಪಿಐಗೆ. ಭೂತಗನ್ನಡಿ ಹಿಡಿದರೆ ‘ಷ್ಟ್ರ’ದ ಅಂಚು ಗರಗಸ. ಟಿಕ್ ತೆಗೆದ ಮೇಲೆ ಮೂರು ಪ್ರತಿಗಳ ಅಂಚೂ ಒಂದೇ ನುಣುಪು. ಇಷ್ಟು ದಿನ ಸುಮ್ಮನೆ ಫಾಂಟನ್ನು ಬೈದಿದ್ದೆ. ಉಳಿದದ್ದು ಸೆರಿಫಿನ ತೆಳು ಗೆರೆ. ಟೋನರ್ ಅಲ್ಲಲ್ಲಿ ಕಡಿಯುತ್ತಿತ್ತು, ರೆಗ್ಯುಲರ್ ಬಿಟ್ಟು ತುಸು ದಪ್ಪದ ಮೀಡಿಯಂ ಹಾಕಿದೆ.

ಶಹಾಪುರದವರಿಗೆ ಇನ್‌ಡಿಸೈನ್ ಪ್ರತಿಯನ್ನೇ ಛಾಪಿಸಿ ಕೊಟ್ಟೆ. ಪಾವತಿ ಪುಸ್ತಕಗಳ ಹಳೆಯ ಫೈಲುಗಳೆಲ್ಲ ಪೇಜ್‌ಮೇಕರಿನಲ್ಲಿವೆ. ಅವುಗಳ ಸಲುವಾಗಿ ಮೂಲೆಯ ಎಕ್ಸ್‌ಪಿ ಕಂಪ್ಯೂಟರ್ ಇನ್ನೂ ಅಲ್ಲೇ ಇದೆ.