ಮುಚ್ಚಳದ ಅಕ್ಷರವೋ, ತಳದ ಕಿಂಡಿಯೋ? ಹಳೇ ವೆಬರ್ ಕೆಟಲ್‌ನ ವಯಸ್ಸು ಹಿಡಿಯುವ ಕಥೆ

ವೆಬರ್ ಕೆಟಲ್ ಅಂದರೆ ಚಹಾದ ಪಾತ್ರೆಯಲ್ಲ, ಮುಚ್ಚಳವಿರುವ ದುಂಡನೆಯ ಇದ್ದಲು ಗ್ರಿಲ್. ಹಳೇದರ ವಯಸ್ಸು ತಿಳಿಯಲು ಮುಚ್ಚಳ ನೋಡಬೇಕೋ, ತಳ ನೋಡಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಳಕ್ಕೆ. ಮುಚ್ಚಳ ನೋಡಿ ಮರುಳಾಗಿ 120 ಡಾಲರ್ ಕಳೆದುಕೊಂಡವನು ನಾನು.

ನಾನಿರುವುದು ಶಿಕಾಗೋ ಪಕ್ಕದಲ್ಲಿ. ವೆಬರ್ ಕೆಟಲ್ ಹುಟ್ಟಿದ್ದೂ ಇಲ್ಲೇ. ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್, ನೀರಲ್ಲಿ ತೇಲಿಬಿಡುವ ಲೋಹದ ಬೋಯ್ ಒಂದನ್ನು ಅರ್ಧಕ್ಕೆ ಕತ್ತರಿಸಿ 1952ರಲ್ಲಿ ಈ ಇದ್ದಲು ಗ್ರಿಲ್ ಮಾಡಿದ. ಹಾಗಾಗಿ ಜನ ಮನೆಯ ಹಳೇ ಸಾಮಾನು ಮಾರುವ ಇಲ್ಲಿನ ಗರಾಜ್ ಸೇಲ್‌ಗಳಲ್ಲಿ ಹಳೇ ಕೆಟಲ್ ಸಿಗುತ್ತಲೇ ಇರುತ್ತವೆ.

ಸುಲಭದ ದಾರಿ ಮುಚ್ಚಳದ್ದು. ಅದರ ಮೇಲಿನ ಗಾಳಿಕಿಂಡಿಗೆ ಒಂದು ಅಲ್ಯೂಮಿನಿಯಂ ಬಿಲ್ಲೆ ಇರುತ್ತದೆ. 1979ರಿಂದ ಅದರ ಮೇಲೆ ಇಸವಿಯ ಗುರುತಾಗಿ ಅಕ್ಷರ ಒತ್ತುತ್ತಾ ಬಂದಿದ್ದಾರೆ. ಯಾವ ಅಕ್ಷರಕ್ಕೆ ಯಾವ ಇಸವಿ ಅನ್ನುವ ಪಟ್ಟಿ ತೆಗೆದು ನೋಡಿದರೆ ಅರ್ಧ ನಿಮಿಷದ ಕೆಲಸ.

ನಾನೂ ಹಾಗೇ ಮಾಡಿದೆ. ಕೆಂಪು ಕೆಟಲ್, 22.5 ಇಂಚು. ಅಕ್ಷರ 1979 ಅಂದಿತು, ಮಾರುವವನೂ ತಲೆಯಾಡಿಸಿದ. ಮನೆಗೆ ತಂದು ತೊಳೆಯೋಣ ಅಂತ ಬೋರಲು ಹಾಕಿದೆ ನೋಡಿ, ಎದೆ ಧಸಕ್ ಅಂದಿತು. ತಳದಲ್ಲಿ ಒಂದೇ ಹಿಡಿ. ಅದನ್ನು ಆಚೀಚೆ ಆಡಿಸಿದರೆ ಒಳಗಿನ ಮೂರು ರೆಕ್ಕೆ ತಿರುಗಿ ಬೂದಿ ಗುಡಿಸುತ್ತವೆ. ಇದು ಒನ್-ಟಚ್, ಆಮೇಲೆ ಬಂದದ್ದು. 1979ರ ಕೆಟಲ್ ಆಗಿದ್ದರೆ ತಳದಲ್ಲಿ ಮೂರು ಕಿಂಡಿ, ಮೂರಕ್ಕೂ ಬೇರೆ ಬೇರೆ ಬಿಲ್ಲೆ ಇರಬೇಕಿತ್ತು.

ಮತ್ತೆ ಮುಚ್ಚಳ ಹಿಡಿದು ಕೂತೆ. ಬಿಲ್ಲೆಯ ನಡುವೆ ಫ್ಯಾಕ್ಟರಿಯ ರಿವೆಟ್ ಇರಬೇಕಾದ ಕಡೆ ಪಳಪಳ ಹೊಳೆಯುವ ಬೋಲ್ಟು, ಒಳಗಡೆ ನಟ್ಟು. ಯಾರೋ ರಿವೆಟ್ ಕೊರೆದು ತೆಗೆದು, ಬೇರೆ ಕೆಟಲ್‌ನ ಬಿಲ್ಲೆ ಕೂರಿಸಿದ್ದಾರೆ. ಮೋಸವೋ ರಿಪೇರಿಯೋ, ದುಡ್ಡಂತೂ ಹೋಯಿತು. ಬಿಲ್ಲೆ ಹಾಗಿರಲಿ, ಇಡೀ ಮುಚ್ಚಳವೇ ಅದಲುಬದಲಾಗುವುದೂ ಉಂಟು. ಅಳತೆ ಒಂದೇ ಆದರೆ ಸಾಕು, ಮದುವೆಮನೆ ಪಾತ್ರೆಗಳ ಥರ ಯಾರ ಮುಚ್ಚಳ ಯಾರ ತಪ್ಪಲೆಗೋ.

ತಳ ನೋಡಿದರೆ ಇಂಥದೇ ಇಸವಿ ಅಂತ ಸಿಗಲ್ಲ, ನಿಜ. ಆದರೆ ಅಲ್ಲಿ ಕೈಚಳಕ ತೋರಿಸುವುದು ಕಷ್ಟ. ಎನಾಮೆಲ್ ಹಾಕಿದ ಉಕ್ಕಿಗೆ ಹೊಸ ತೂತು ಕೊರೆದರೆ ಸುತ್ತಲೂ ಚಕ್ಕೆ ಏಳುತ್ತದೆ, ಕುರುಡನಿಗೂ ಗೊತ್ತಾಗುತ್ತದೆ.

ಮರದ ಹಿಡಿಕೆಯನ್ನು ನಂಬಬೇಡಿ, ಅದು ಸ್ಕ್ರೂ ಬಿಚ್ಚುವಷ್ಟರ ಮಾತು. ಬಣ್ಣವನ್ನು ಮಾತ್ರ ಬಿಸಿಲಲ್ಲೇ ನೋಡಿ. ಮುಚ್ಚಳದ ಕೆಂಪು, ಕೆಳಗಿನ ಕೆಂಪು ಎರಡೂ ಒಂದೇನಾ ಅಂತ.

ಈಗ ಯಾರ ಗರಾಜಿಗೆ ಹೋದರೂ ಮೊದಲು ಮೊಣಕಾಲೂರಿ ಮೊಬೈಲ್ ಟಾರ್ಚ್ ಹಾಕುತ್ತೇನೆ. ಹಾಗೇ ಸಿಕ್ಕಿದ್ದು 18.5 ಇಂಚಿನ ಕಪ್ಪು ಕೆಟಲ್, 25 ಡಾಲರ್‌ಗೆ. ತಳದಲ್ಲಿ ಮೂರು ಬಿಡಿ ಕಿಂಡಿ. ಬಿಲ್ಲೆಯಲ್ಲಿ ಅಕ್ಷರವಿಲ್ಲ, ರಿವೆಟ್ ಮೊದಲಿನದೇ. ಅಕ್ಷರವಿಲ್ಲ ಅಂದರೆ 1979ಕ್ಕಿಂತ ಹಿಂದಿನದು, ತಳವೂ ಆ ಮಾತಿಗೆ ಹೊಂದುತ್ತದೆ.

ಖಚಿತ ಇಸವಿ ಬೇಕು ಅನ್ನುವವರಿಗೆ ಅಕ್ಷರವೇ ಗತಿ, ರಿವೆಟ್ ನೋಡಿಕೊಳ್ಳಲಿ. ನನಗೆ ಅಷ್ಟು ಹಟವಿಲ್ಲ. 40 ಡಾಲರ್ ದಾಟಲ್ಲ, ಭಾನುವಾರ ಬದನೆಕಾಯಿ ಸುಟ್ಟು ಗೊಜ್ಜು ಮಾಡದೆ ಬಿಡಲ್ಲ. ಅದಕ್ಕೆ ಮಾತ್ರ ಆ ಕೆಂಪು ಕೆಟಲ್ಲೇ ಬೇಕು. ಬೂದಿ ತೆಗೆಯುವುದು ಅದರಲ್ಲೇ ಸಲೀಸು.