ಮುಳ್ಳು ನೋಡಿ ಟೈರ್ ತಗೊಂಡು ಮೋಸ ಹೋದೆ: ಹಳೇ ಕಾರಿನವರು ಒಮ್ಮೆ ಓದಿ

ಅಂಗಡಿಯವನು ಟೈರಿನ ಮೇಲೆ ಅಂಗೈ ಸವರಿ, "ನೋಡಿ ಸಾರ್, ರಬ್ಬರ್ ಮುಳ್ಳು ಹಾಗೇ ಇದೆ, ಒಂದು ಕಿಲೋಮೀಟರ್ ಓಡಿಲ್ಲ" ಅಂದ. ಅವನು ಸುಳ್ಳು ಹೇಳಲಿಲ್ಲ. ಆ ಟೈರು ನಿಜಕ್ಕೂ ಒಂದು ಕಿಲೋಮೀಟರ್ ಓಡಿರಲಿಲ್ಲ. ಹತ್ತು ವರ್ಷ ಹತ್ತು ತಿಂಗಳು ಯಾವುದೋ ಗೋಡೌನಿನಲ್ಲಿ ಬಿದ್ದುಕೊಂಡಿತ್ತು, ಅಷ್ಟೆ.

ಇದು ನನಗೆ ಗೊತ್ತಾಗಿದ್ದು ಮೂರು ತಿಂಗಳಾದ ಮೇಲೆ, ಬಿಡದಿ ದಾಟಿ ರಾಮನಗರಕ್ಕೆ ಹೋಗುವ ಹಳೇ ರಸ್ತೆಯ ಪಕ್ಕದಲ್ಲಿ, ಅಮ್ಮನನ್ನು ಮರದ ನೆರಳಿನಲ್ಲಿ ಕೂರಿಸಿ ಜಾಕಿ ತಿರುಗಿಸಿದ ದಿನ.

ಕಾರು ಅಪ್ಪನದು. 1984ರ ಪ್ರೀಮಿಯರ್ ಪದ್ಮಿನಿ, ಹ್ಯಾಂಡ್ ಗೇರ್. ಹನುಮಂತನಗರದ ನಮ್ಮ ಮನೆ ಮುಂದೆ ಹೊಂಗೆ ಮರದ ಕೆಳಗೆ ಕೋವಿಡ್ ಕಾಲವೆಲ್ಲ ಹಾಗೇ ನಿಂತಿತ್ತು. ಇಂಜಿನ್ ಕೆಲಸ, ಬ್ರೇಕು, ಟಿಂಕರಿಂಗ್, ಪೇಂಟು ಎಲ್ಲ ಮುಗಿಸಿದ ಮೇಲೆ ಉಳಿದದ್ದು ಟೈರ್ ಮಾತ್ರ. ಇಷ್ಟೆಲ್ಲ ಖರ್ಚು ಮಾಡಿದವನು ಟೈರಿನ ಹತ್ತಿರ ಬಂದಾಗ ಯಾಕೆ ಅಷ್ಟು ಅವಸರ ಮಾಡಿದೆ ಅನ್ನೋದು ಈಗಲೂ ಅರ್ಥವಾಗಿಲ್ಲ. ಕಾರು ರೋಡಿಗಿಳಿದರೆ ಸಾಕು ಅನ್ನಿಸಿತ್ತು ಅಂತ ಕಾಣುತ್ತೆ.

ಪದ್ಮಿನಿಗೆ ಕಂಪನಿಯಿಂದ ಬರುತ್ತಿದ್ದ ಸೈಜು 5.20-14. ಹದಿನಾಲ್ಕು ಇಂಚಿನ ರಿಮ್ಮು, ಕ್ರಾಸ್ ಪ್ಲೈ ಟೈರು, ಅಂದರೆ ಒಳಗಿನ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯುವ ಹಳೇ ನಮೂನೆ. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇದಕ್ಕೆ ನೈಲಾನ್ ಟೈರ್ ಅಂತಲೇ ಹೆಸರು. ಜೆ.ಸಿ. ರಸ್ತೆಯಲ್ಲಿ ಮಧ್ಯಾಹ್ನವೆಲ್ಲ ಸುತ್ತಿದೆ. ಮೊದಲನೇ ಅಂಗಡಿಯಲ್ಲಿ "ಆ ಸೈಜು ಇಲ್ಲ, 185/65 ಹಾಕಿ, ಅಗಲ ಇದ್ದರೆ ಲುಕ್ಕು ಚೆನ್ನಾಗಿರುತ್ತೆ" ಅಂದರು. ನನ್ನ ರಿಮ್ಮಿನ ಅಗಲ ನಾಲ್ಕೇ ಇಂಚು. 185/65ಕ್ಕೆ, ಅಂದರೆ 185 ಮಿಲಿಮೀಟರ್ ಅಗಲದ ಟೈರಿಗೆ, ಕಡಿಮೆ ಅಂದರೂ ಐದು ಇಂಚಿನ ರಿಮ್ ಬೇಕು. ಚಿಕ್ಕ ರಿಮ್ಮಿಗೆ ದೊಡ್ಡ ಟೈರ್ ಒತ್ತಿ ಕೂರಿಸಿದರೆ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಬೆಲೂನಿನ ಹಾಗೆ ಹೊರಕ್ಕೆ ಬಾಗುತ್ತದೆ; ತಿರುವಿನಲ್ಲಿ ಕಾರು ಟೈರಿನ ಮೇಲೇ ತೂಗಾಡುತ್ತದೆ. ಅಷ್ಟು ತಿಳಿದಿತ್ತು, ಬೇಡ ಅಂದೆ. ಜಾಣ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡು ಮುಂದಿನ ಅಂಗಡಿಗೆ ಹೋಗಿ ಹಳ್ಳಕ್ಕೆ ಬಿದ್ದೆ.

ಆ ಎರಡನೇ ಅಂಗಡಿಯವನ ಹೆಸರು ಹೇಳುವುದಿಲ್ಲ. "ಒರಿಜಿನಲ್ ಸೈಜೇ ಇದೆ ಸಾರ್, ನಾಲ್ಕೇ ಪೀಸು, ಬೆಂಗಳೂರಲ್ಲಿ ಇನ್ನೆಲ್ಲೂ ಸಿಗಲ್ಲ" ಅಂದ. ಒಳಗಿನಿಂದ ತಂದ ಟೈರುಗಳು ಕಪ್ಪಗೆ ಮಿರಿಮಿರಿ ಮಿಂಚುತ್ತಿದ್ದವು. ಕಂಪನಿ ಲೇಬಲ್ ಇತ್ತು. ಮುಳ್ಳಂತೂ ಇದ್ದೇ ಇತ್ತು. ಮುಳ್ಳು ಅಂದರೆ ಟೈರ್ ಅಚ್ಚಿನಿಂದ ಹೊರಬರುವಾಗ ಗಾಳಿ ತೂತುಗಳಲ್ಲಿ ರಬ್ಬರ್ ಸಿಕ್ಕಿ ಉಳಿಯುವ ಕೂದಲು. ಓಡಿಸಿದರೆ ಸವೆಯುತ್ತೆ, ಓಡಿಸದಿದ್ದರೆ ಇಪ್ಪತ್ತು ವರ್ಷವಾದರೂ ಇರುತ್ತೆ. ಅದರಿಂದ ವಯಸ್ಸು ಗೊತ್ತಾಗುವುದಿಲ್ಲ. ನಾಲ್ಕೇ ಪೀಸು ಉಳಿದಿದೆ ಅನ್ನುವ ಮಾತಿಗೆ ನನಗೆ ಖುಷಿಯಾಯಿತು, ಅನುಮಾನ ಬರಬೇಕಿತ್ತು. ಯಾರೂ ಕೇಳದ ಸೈಜು ಅಂಗಡಿಯಲ್ಲಿ ಎಷ್ಟು ದಿನದಿಂದ ಇದ್ದೀತು?

ಜೊತೆಗೆ ನನ್ನದೇ ಒಂದು ಶೋಕಿ. ಅಪ್ಪನ ಕಾಲದ ಹಳೇ ಫೋಟೋಗಳಲ್ಲಿ ಕಾರಿನ ಟೈರಿಗೆ ಬಿಳಿ ಅಂಚಿದೆ. ಹಾಗೇ ಬೇಕು ಅಂದೆ. ಅಂಗಡಿಯವನು ಬಿಳಿ ರಬ್ಬರ್ ರಿಂಗ್ ತಂದ. ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿಸಿ ಗಾಳಿ ತುಂಬಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ನೋಡುವುದಕ್ಕೆ ಮದುಮಗನ ಪೇಟದ ಹಾಗೆ. ಅದು ಸೈಡ್‌ವಾಲಿನ ಅರ್ಧ ಭಾಗ ಮುಚ್ಚಿಬಿಡುತ್ತದೆ ಅನ್ನುವ ಕಡೆಗೆ ಗಮನ ಹೋಗಲಿಲ್ಲ.

ಏಪ್ರಿಲ್ 2024, ಮೈಸೂರಿನಲ್ಲಿ ಸೋದರಮಾವನ ಮಗಳ ಗೃಹಪ್ರವೇಶ. ನಾನು, ಹೆಂಡತಿ, ಅಮ್ಮ. ಈ ವಯಸ್ಸಿನ ಕಾರಿಗೆ ಎಕ್ಸ್‌ಪ್ರೆಸ್‌ವೇ ಸರಿಹೋಗಲ್ಲ ಅಂತ ಹಳೇ ರಸ್ತೆಯಲ್ಲೇ ಹೋದೆವು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಹೊರಟಾಗ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ರಸ್ತೆ ವಾಟ ಇರಬೇಕು ಅಂದುಕೊಂಡೆ. ಅಮ್ಮ ಹಿಂದಿನಿಂದ, "ಏನೋ ಅದು, ಟಪ್ ಟಪ್ ಅಂತಿದೆಯಲ್ಲೋ?" ಅಂದರು. ಅಮ್ಮನ ಕಿವಿ ಚುರುಕು. "ಹಳೇ ಕಾರಲ್ವೇನಮ್ಮ" ಅಂತ ತಳ್ಳಿಹಾಕಿದೆ. ಇದನ್ನು ಓದುತ್ತಿರುವ ನಿಮಗೆ ಹೇಳುವುದೇನೆಂದರೆ, ಆ ಟಪ್ ಟಪ್ ಸದ್ದು ಟೈರ್ ಒಂದು ಕಡೆ ಉಬ್ಬಿದೆ ಅನ್ನುವುದರ ಸೂಚನೆ. ಸುತ್ತಿಗೊಂದು ಸಲ ಬರುತ್ತದೆ, ವೇಗ ಹೆಚ್ಚಿದಂತೆ ಬೇಗ ಬೇಗ ಬರುತ್ತದೆ. ಕೇಳಿದ ತಕ್ಷಣ ನಿಲ್ಲಿಸಿ.

ನಾನು ನಿಲ್ಲಿಸಲಿಲ್ಲ. ಮಾಯಗಾನಹಳ್ಳಿ ಆಸುಪಾಸಿನಲ್ಲಿ ಅರವತ್ತರ ಸ್ಪೀಡಿನಲ್ಲಿದ್ದಾಗ ಮುಂದಿನ ಎಡಗಡೆ ಟೈರ್ ಢಬ್ ಅಂತು. ಪಂಕ್ಚರ್ ಆದ ಹಾಗೆ ಮೆಲ್ಲಗೆ ಗಾಳಿ ಇಳಿಯಲಿಲ್ಲ, ಪಕ್ಕ ಪೂರ್ತಿ ಸೀಳಿಕೊಂಡು ಒಂದೇ ಸಲಕ್ಕೆ ಹೋಯಿತು. ಕಾರು ಎಡಕ್ಕೆ ನುಗ್ಗಿತು. ಬ್ರೇಕಿನ ಮೇಲೆ ಕಾಲಿಡದೆ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದದ್ದೊಂದೇ ಅವತ್ತು ನಾನು ಮಾಡಿದ ಸರಿಯಾದ ಕೆಲಸ. ಅದನ್ನೂ ಅಪ್ಪನೇ ಹೇಳಿಕೊಟ್ಟಿದ್ದು: ಟೈರ್ ಸಿಡಿದರೆ ಬ್ರೇಕ್ ಒತ್ತಬೇಡ, ನೆಟ್ಟಗೆ ಹಿಡಿ, ತಾನಾಗೇ ನಿಧಾನ ಆಗಲಿ. ಹಿಂದಿನಿಂದ ಬರುತ್ತಿದ್ದ ಬಸ್ಸಿನವರು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹೋದರು. ಅಮ್ಮ ರಾಯರ ಹೆಸರು ಹೇಳುತ್ತಿದ್ದರು.

ಸ್ಟೆಪ್ನಿ ತೆಗೆದರೆ ಅದು ಅಪ್ಪನ ಕಾಲದ್ದು. ಪಕ್ಕದಲ್ಲೆಲ್ಲ ಬಿಸಿಲಿಗೆ ಒಣಗಿದ ಕೆರೆಯಂಗಳದ ಹಾಗೆ ಬಿರುಕು. ಬೇರೆ ದಾರಿ ಇರಲಿಲ್ಲ, ಅದನ್ನೇ ಹಾಕಿಕೊಂಡು ಇಪ್ಪತ್ತರ ಸ್ಪೀಡಿನಲ್ಲಿ ರಾಮನಗರದ ಹತ್ತಿರದ ಒಂದು ಪಂಕ್ಚರ್ ಅಂಗಡಿಗೆ ತಲುಪಿದೆವು. ಅಂಗಡಿಯ ಯಜಮಾನರಿಗೆ ಅರವತ್ತು ದಾಟಿರಬೇಕು. ಸಿಡಿದ ಟೈರನ್ನು ರಿಮ್ಮಿನಿಂದ ಬಿಚ್ಚಿ, ತಿರುಗಿಸಿ, ಒಳಮಗ್ಗುಲು ಒದ್ದೆ ಬಟ್ಟೆಯಲ್ಲಿ ಒರೆಸಿ ತೋರಿಸಿದರು.

"ಓದಿ ಸಾ, ಏನದೆ ಅಲ್ಲಿ?"

"ಒಂದು, ಒಂದು, ಒಂದು, ಮೂರು."

"ಹಂಗಂದ್ರೆ ಎರಡು ಸಾವಿರದ ಹದಿಮೂರನೇ ಇಸ್ವಿ, ಹನ್ನೊಂದನೇ ವಾರದ ಮಾಲು. ನಿಮಗೆ ಕಾಣ್ದಂಗೆ ಒಳಮುಖ ಮಾಡಿ ಕೂರ್ಸವ್ರೆ."

ಎಲ್ಲರೂ ತಿಳಿದಿರಬೇಕಾದ್ದು ಇದು. ಟೈರಿನ ಪಕ್ಕದಲ್ಲಿ ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಇರುತ್ತದೆ, ಅದರ ಕೊನೆಯಲ್ಲಿ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮುಟ್ಟಲೇಬೇಡಿ. ಎಷ್ಟೋ ಟೈರುಗಳಲ್ಲಿ ಈ ನಾಲ್ಕು ಅಂಕಿ ಒಂದೇ ಮಗ್ಗುಲಿನಲ್ಲಿ ಇರುತ್ತದೆ. ಆ ಮಗ್ಗುಲನ್ನು ಒಳಗೆ ಮಾಡಿ ಕೂರಿಸಿದರೆ ಕಾರಿನ ಕೆಳಗೆ ತೂರಿಕೊಂಡು ಟಾರ್ಚ್ ಬಿಟ್ಟರೇ ಕಾಣುವುದು. ಆದ್ದರಿಂದ ರಿಮ್ಮಿಗೆ ಹತ್ತಿಸುವ ಮುಂಚೆಯೇ, ಟೈರ್ ನೆಲದ ಮೇಲಿದ್ದಾಗಲೇ ಎರಡೂ ಕಡೆ ನೋಡಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ನೋಡಿದರೆ ನನ್ನ ಉಳಿದ ಮೂರರಲ್ಲಿ ಎರಡು 2013ರದ್ದು, ಒಂದು 2012ರದ್ದು. ನಾಲ್ಕರಲ್ಲೂ ತಾರೀಖು ಒಳಗಡೆಯೇ! ನಾಲ್ಕೂ ಕಾಕತಾಳೀಯ ಅಂತ ನಂಬುವಷ್ಟು ಮುಗ್ಧ ನಾನಲ್ಲ.

ಓಡದೇ ಇರುವ ಟೈರ್ ಹಾಳಾಗುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಓಡದೇ ಇರುವುದರಿಂದಲೇ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳುತ್ತದೆ. ಅದನ್ನು ತಡೆಯಲು ರಬ್ಬರಿನಲ್ಲಿ ಮೇಣ ಮತ್ತು ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಟೈರ್ ಉರುಳುವಾಗ ಮಡಿಚಿ ಬಿಚ್ಚಿ ಆಗಿ ಆ ಮೇಣ ಒಳಗಿನಿಂದ ಮೇಲಕ್ಕೆ ಬಂದು ಪೊರೆ ಕಟ್ಟುತ್ತಿರುತ್ತದೆ. ನಿಂತ ಟೈರಿಗೆ ಆ ಪೊರೆ ಸರಿಯಾಗಿ ಕಟ್ಟುವುದಿಲ್ಲ. ಅದರ ಮೇಲೆ ನಮ್ಮ ವಾಟರ್ ಸರ್ವಿಸ್ ಹುಡುಗರು ಡೀಸೆಲ್ಲೋ ಸೀಮೆಎಣ್ಣೆಯೋ ಬೆರೆಸಿದ ಪಾಲಿಶ್ ಬಳಿದರೆ ಇದ್ದ ಪೊರೆಯೂ ಹೋಗುತ್ತದೆ, ರಬ್ಬರೂ ಮೆತ್ತಗಾಗುತ್ತದೆ. ಅಂಗಡಿಯಲ್ಲಿ ನಾನು ನೋಡಿದ ಮಿರಿಮಿರಿ ಇಂಥದ್ದೇ ಇರಬೇಕು. ಸೋಪು ನೀರು ಸಾಕು, ಟೈರು ಮಿಂಚಬೇಕಾಗಿಲ್ಲ.

ಇನ್ನು ಬಿಳಿ ರಿಂಗ್. ಯಜಮಾನರು ಅದನ್ನು ಎತ್ತಿ ತೋರಿಸಿದಾಗ ಟೈರಿನ ಪಕ್ಕದಲ್ಲಿ ಸುತ್ತಲೂ ಗೆರೆ ಎಳೆದ ಹಾಗೆ ಒಂದು ಗಾಯ. ಟೈರ್ ಉರುಳಿದಷ್ಟೂ ರಿಂಗಿನ ಅಂಚು ಅದೇ ಜಾಗದಲ್ಲಿ ಉಜ್ಜುತ್ತದೆ, ನಡುವೆ ಮಣ್ಣು ನೀರು ಸೇರಿ ಉಪ್ಪುಕಾಗದದ ಕೆಲಸ ಮಾಡುತ್ತವೆ. ಮೂರೇ ತಿಂಗಳಿಗೆ ಅಲ್ಲಲ್ಲಿ ದಾರ ಕಾಣಿಸುತ್ತಿತ್ತು. ಸೀಳಿದ್ದೂ ಆ ಗೆರೆಯ ಮೇಲೇ. ಈಗಿನ ಕಾರುಗಳಿಗೆ ಬರುವ ರೇಡಿಯಲ್ ಟೈರಿನಲ್ಲಿ ದಾರಗಳು ಓರೆಯಾಗಿರದೆ ಅಡ್ಡಕ್ಕೆ ನೇರವಾಗಿರುತ್ತವೆ; ಅದರ ಪಕ್ಕ ಇನ್ನೂ ಹೆಚ್ಚು ಬಾಗುವುದರಿಂದ ಅದಕ್ಕೆ ಈ ರಿಂಗ್ ಇನ್ನೂ ಕೆಟ್ಟದ್ದು. ಬಿಳಿ ಅಂಚು ಬೇಕೇ ಬೇಕಾದರೆ ರಬ್ಬರಿನಲ್ಲೇ ಬಿಳಿ ಸೇರಿಸಿ ತಯಾರಿಸಿದ ಟೈರ್ ಹುಡುಕಿ. ಸಿಗದಿದ್ದರೆ ಕಪ್ಪು ಟೈರೇ ಲಕ್ಷಣ.

ಗಾಳಿಯ ವಿಷಯದಲ್ಲಿ ತಪ್ಪು ನನ್ನದೇ. ಮೂರು ವಾರ ನಿಂತಿದ್ದ ಕಾರನ್ನು ಗಾಳಿ ನೋಡಿಸದೆ ಹೊರಡಿಸಿದ್ದೆ. ಕಡಿಮೆ ಗಾಳಿಯಲ್ಲಿ ಸೈಡ್‌ವಾಲ್ ಅತಿಯಾಗಿ ಬಾಗಿ ಬಿಸಿಯಾಗುತ್ತದೆ, ಹಳೇ ರಬ್ಬರು ಅದನ್ನು ತಡೆಯಲ್ಲ.

ಬೆಂಗಳೂರಿಗೆ ಬಂದ ಮೇಲೆ ಅಂಗಡಿಗೆ ಹೋದೆ. "ಬಿಲ್ಲಿನಲ್ಲಿ ಇಸ್ವಿ ಎಲ್ಲಿದೆ ಸಾರ್, ತೋರಿಸಿ?" ಅಂದ. ಬಿಲ್ಲು ಅಂದರೆ ಒಂದು ಚೀಟಿ, ಅದರಲ್ಲಿ "ಟೈರ್ 4, ಟ್ಯೂಬ್ 4, ರಿಂಗ್ 4" ಅಂತ ಬರೆದಿತ್ತು. ಕಂಪನಿ ಹೆಸರಿಲ್ಲ, ಸೈಜಿಲ್ಲ, ಸೀರಿಯಲ್ ನಂಬರಿಲ್ಲ. ಅದನ್ನು ಹಿಡಿದುಕೊಂಡು ಯಾವ ಕಂಪನಿಯ ಹತ್ತಿರ ಹೋಗಲಿ, ಯಾವ ಗ್ರಾಹಕ ಆಯೋಗಕ್ಕೆ ಹೋಗಲಿ? ನೀವು ತಗೊಳ್ಳುವಾಗ ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ಬರೆಯಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಈಗ ಕಾರಿನಲ್ಲಿರುವುದು 165/80 ಆರ್14 ರೇಡಿಯಲ್. ಮಾರುತಿ ಸ್ವಿಫ್ಟಿನ ಕಡಿಮೆ ಬೆಲೆಯ ಮಾಡೆಲ್‌ಗಳಿಗೆ ಬರುತ್ತಿದ್ದ ಸೈಜು, ಹಾಗಾಗಿ ಹೊಸ ಮಾಲು ಸಿಗುತ್ತದೆ. ನಾನು ತಗೊಂಡಾಗ ಮೂರು ತಿಂಗಳ ಹಿಂದಷ್ಟೇ ತಯಾರಾದದ್ದು. ಹಳೇ ಸೈಜಿಗಿಂತ ಎತ್ತರ ಸ್ವಲ್ಪ ಹೆಚ್ಚು, ಹಾಗಾಗಿ ಸ್ಪೀಡೋಮೀಟರ್ ಸ್ವಲ್ಪ ಕಡಿಮೆ ತೋರಿಸುತ್ತದೆ. ನನ್ನ ಕಾರಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಮಡ್‌ಗಾರ್ಡಿಗೆ ತಗಲಲಿಲ್ಲ. ನಿಮ್ಮ ಕಾರಿನಲ್ಲಿ ಒಂದು ಟೈರ್ ಹಾಕಿ, ಎರಡೂ ಕಡೆ ತಿರುಗಿಸಿ ನೋಡಿಯೇ ದುಡ್ಡು ಕೊಡಿ. ಸೈಜಿನ ಪಕ್ಕದಲ್ಲಿ 85 ಅಂತ ಇದ್ದರೆ ಒಂದೊಂದು ಟೈರು 515 ಕೆಜಿ ಹೊರಬಲ್ಲದು, ಪದ್ಮಿನಿಗೆ ಧಾರಾಳ. ಅಂಬಾಸಡರ್‌ನವರ ಲೆಕ್ಕ ಬೇರೆ, ಅದು ಹದಿನೈದು ಇಂಚಿನ ರಿಮ್ಮು.

ರೇಡಿಯಲ್ ಹಾಕಿದರೂ ಟ್ಯೂಬ್ ಬಿಡಲಿಲ್ಲ. ಟ್ಯೂಬ್‌ಲೆಸ್ ರಿಮ್ಮಿನ ಒಳಗೆ ಟೈರಿನ ಅಂಚು ಜಾರದ ಹಾಗೆ ಒಂದು ದಿಣ್ಣೆ ಇರುತ್ತದೆ, ಹಳೇ ರಿಮ್ಮುಗಳಲ್ಲಿ ಅದಿಲ್ಲ. ರೇಡಿಯಲ್‌ಗೆ ಅಂತಲೇ ಬರುವ ಟ್ಯೂಬ್ ಕೇಳಿ, ಒಳಗಡೆ ಅಂಟಿಸಿದ ಕಾಗದದ ಚೀಟಿ ಇದ್ದರೆ ಕಿತ್ತು ಹಾಕಿಸಿ, ಅದು ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಇನ್ನೊಂದು: ದುಡ್ಡು ಉಳಿಸಲು ಮುಂದೆ ಎರಡು ರೇಡಿಯಲ್, ಹಿಂದೆ ಎರಡು ನೈಲಾನ್ ಅಂತ ಸಲಹೆ ಕೊಡುವವರಿದ್ದಾರೆ. ನನ್ನ ಸ್ನೇಹಿತನೊಬ್ಬ ಹಾಗೆ ಮಾಡಿ ಮಳೆಯಲ್ಲಿ ನೈಸ್ ರಸ್ತೆಯ ತಿರುವಿನಲ್ಲಿ ಹಿಂಭಾಗ ಜಾರಿ ಎದುರುಮುಖವಾಗಿ ನಿಂತ. ಒಂದೇ ಆಕ್ಸಲ್‌ನಲ್ಲಿ ಎರಡು ಜಾತಿ ಅಂತೂ ಬೇಡವೇ ಬೇಡ.

ರೇಡಿಯಲ್ ಟೈರಿನ ಪಕ್ಕದಲ್ಲಿ ಉದ್ದಕ್ಕೆ ಸಣ್ಣ ತಗ್ಗು ಕಂಡರೆ ಗಾಬರಿ ಬೇಡ, ಒಳಗೆ ಪದರ ಜೋಡಿಸಿದ ಜಾಗ ಅದು. ಹೊರಕ್ಕೆ ಉಬ್ಬಿದ್ದರೆ ಮಾತ್ರ ಒಳಗಿನ ದಾರ ಹರಿದಿದೆ ಅಂತಲೇ ಅರ್ಥ. ನಮ್ಮ ಫುಟ್‌ಪಾತಿನ ಗ್ರಾನೈಟ್ ಅಂಚಿಗೆ ಒಂದು ಸಲ ಜೋರಾಗಿ ಗುದ್ದಿದರೂ ಸಾಕು. ಪಕ್ಕಕ್ಕೆ ಪ್ಯಾಚ್ ಹಾಕಿ ಸರಿ ಮಾಡಿಕೊಡ್ತೀನಿ ಅನ್ನುವವರು ಇದ್ದೇ ಇರುತ್ತಾರೆ. ಪ್ಯಾಚ್ ಏನಿದ್ದರೂ ನೆಲ ಮುಟ್ಟುವ ಭಾಗಕ್ಕೆ.

ಹೊಸದು ಹಾಕಿಸಿಕೊಂಡ ದಿನ, ಹಳೇ ಮೂರು ಟೈರುಗಳನ್ನು ಅಲ್ಲಿಗೆ ಬಂದಿದ್ದ ಒಬ್ಬಾತ ತಲಾ ಮುನ್ನೂರಕ್ಕೆ ಕೇಳಿದ. "ಗ್ರಿಪ್ ಸೂಪರಾಗಿದೆ ಸಾರ್, ಪಾಲಿಶ್ ಹೊಡೆದರೆ ಹೋಗುತ್ತೆ." ಮನೆಗೆ ತಂದು, ಆಕ್ಸಾ ಬ್ಲೇಡಿನಲ್ಲಿ ಮೂರರ ಪಕ್ಕವನ್ನೂ ಒಂದೊಂದು ಗೇಣು ಕೊಯ್ದು ಆಮೇಲೆ ಗುಜರಿಗೆ ಹಾಕಿದೆ. ಗುಜರಿಯವನಿಗೆ ಬೇಜಾರು. "ಹೊಸಾ ಟೈರ್ ಇದ್ದಂಗಿತ್ತಲ್ಲ ಸಾರ್, ಯಾಕೆ ಹಿಂಗೆ ಹಾಳು ಮಾಡಿದ್ರಿ?" ಅಂತ ತಳ್ಳುಗಾಡಿಗೆ ಎಸೆದುಕೊಂಡು ಹೋದ.