ಹೊಸ ಫೋನಿನ ಸೆಟ್ಟಿಂಗ್ ಕೆಲಸ ಅಂಗಡಿ ಹುಡುಗನ ಕೈಗೆ ಕೊಡಬೇಡಿ

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಟಚ್ ಫೋನ್ ಕೊಡಿಸಬೇಕು ಅಂತ ಇರುವವರು ದಯವಿಟ್ಟು ಇದನ್ನು ಓದಿ. ನಮ್ಮ ಮನೆಯಲ್ಲಿ ಆಗಿದ್ದು ನಿಮ್ಮ ಮನೆಯಲ್ಲಿ ಆಗುವುದು ಬೇಡ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ರಸ್ತೆಯಿಂದ ಒಳಗೆ ಸಿಗುವ ತೋಟದ ಮನೆ. ಅಪ್ಪ ಬಹಳ ವರ್ಷ ಬಟನ್ ಫೋನಿನಲ್ಲೇ ಇದ್ದವರು. ತಂಗಿಗೆ ಮಗಳು ಹುಟ್ಟಿದ ಮೇಲೆ ಮೊಮ್ಮಗಳನ್ನು ವಿಡಿಯೋದಲ್ಲಿ ನೋಡಬೇಕು ಅನ್ನಿಸಿತು. ಯುಗಾದಿ ಕಳೆದು ಒಂದು ವಾರಕ್ಕೆ ಬಸ್ಸು ಹತ್ತಿ, 60 ಕಿಲೋಮೀಟರಿಗೂ ಹೆಚ್ಚು ದೂರದ ಶಿವಮೊಗ್ಗಕ್ಕೆ ಒಬ್ಬರೇ ಹೋಗಿ ಫೋನ್ ತಂದರು. ನಾನು ಬೆಂಗಳೂರಿನಲ್ಲಿದ್ದೆ. ಜೊತೆಗೆ ಹೋಗಬೇಕಿತ್ತು.

ಅಂಗಡಿಯ ಹುಡುಗ ಒಳ್ಳೆಯವನೇ ಅಂತೆ. "ಯಜಮಾನ್ರೇ, ಎಲ್ಲಾ ನಾನೇ ಹಾಕಿಕೊಡ್ತೀನಿ, ಕೂತ್ಕೊಳ್ಳಿ" ಅಂದನಂತೆ. ಅಪ್ಪನ ಹೆಸರಿನಲ್ಲಿ ಹೊಸ ಜಿಮೇಲ್ ಮಾಡಿದ. ಪಾಸ್‌ವರ್ಡ್ ತನಗೆ ತೋಚಿದ್ದು ಹಾಕಿದ. ಪಾಸ್‌ವರ್ಡ್ ಮರೆತರೆ ಬೇಕಾಗುವ ರಿಕವರಿ ನಂಬರ್ ಕೇಳಿದಾಗ ತನ್ನ ನಂಬರನ್ನೇ ಕೊಟ್ಟ. ಬೆರಳಚ್ಚು ತೆಗೆದುಕೊಂಡು, ಅದರ ಜೊತೆ ಒಂದು ಪ್ಯಾಟರ್ನನ್ನೂ ತಾನೇ ಎಳೆದ. ಆಮೇಲೆ ಅಕ್ಷರ, ಐಕಾನ್ ದೊಡ್ಡದಾಗಿ ಕಾಣಲಿ ಅಂತ ಮುಖಪರದೆಯ ರೂಪ ಬದಲಿಸುವ ಯಾವುದೋ ಲಾಂಚರ್, ಒಂದು ಕನ್ನಡ ಕೀಬೋರ್ಡ್, ಒಂದು ಥೀಮ್, ಒಂದು ಕ್ಲೀನರ್, ಹೀಗೆ ಹಾಕುತ್ತಾ ಹೋದ. ಅವು ಕೇಳಿದ ಅನುಮತಿಗೆಲ್ಲ ಓಕೆ ಒತ್ತಿದ. ಕೊನೆಗೆ ಬಿಲ್ಲು ಬೇಕೆಂದರೆ ಜಾಸ್ತಿ ಆಗುತ್ತೆ ಅಂತ ಹೇಳಿ ಒಂದು ಚೀಟಿಯಲ್ಲಿ ಮೊತ್ತ ಬರೆದುಕೊಟ್ಟು ಕಳಿಸಿದರು.

ಮಳೆಗಾಲದಲ್ಲಿ ಮೊದಲ ಪೆಟ್ಟು ಬಿತ್ತು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದು ಮಳೆ ಬಿಟ್ಟು ಹೊಳವಾದ ದಿನ ಮಾತ್ರ ಆಗುವ ಕೆಲಸ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಥ ಒಂದು ಬೆಳಿಗ್ಗೆ ಔಷಧಿ ಹೊಡೆಯುವವನ ಫೋನ್ ಬಂತು. ಅಪ್ಪ ಅಂಗಳದ ಮೂಲೆಯಲ್ಲಿ, ಸಿಗ್ನಲ್ ಸಿಗುವ ಆ ಒಂದೇ ಜಾಗದಲ್ಲಿ ನಿಂತಿದ್ದರು. ಹಸಿರು ಬಟನ್ ಮೇಲೆ ಜಾಹೀರಾತು ಬಂದು ಕೂತಿತು. ಪೂರ್ತಿ ಪರದೆ, ಯಾವುದೋ ಆಟದ್ದು. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಇಂಟು ಗುರುತು, ಅದನ್ನು ಒತ್ತಿದರೆ ಇನ್ನೊಂದು ಜಾಹೀರಾತು. ಪರದೆ ಮೇಲೆ ನಾಲ್ಕು ಹನಿ ಬಿದ್ದರೆ ಟಚ್ ಬೇರೆ ಎಲ್ಲೆಲ್ಲೋ ಒತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಕರೆ ಕಟ್ಟಾಯಿತು. ಅವನು ಇನ್ನೊಬ್ಬರ ತೋಟಕ್ಕೆ ಹೋದ. ಮತ್ತೆ ಹೊಳವಾಗಲು ಎಂಟು ದಿನ ಬೇಕಾಯಿತು, ಅಷ್ಟು ಹೊತ್ತಿಗೆ ಕೆಳಗಿನ ತೋಟದಲ್ಲಿ ಕಾಯಿ ಉದುರಲು ಶುರುವಾಗಿತ್ತು.

ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳಲು ಅನುಮತಿ ಅಂತ ಒಂದು ಇರುತ್ತದೆ. ಲಾಂಚರ್, ಕ್ಲೀನರ್ ಎರಡಕ್ಕೂ ಹುಡುಗ ಅದನ್ನು ಕೊಟ್ಟಿದ್ದ. ಜಾಹೀರಾತು ಬಂದಿದ್ದು ಅಲ್ಲಿಂದ.

ಎರಡನೆಯದು ಅಡಿಕೆ ಕೊಯ್ಲಿನಲ್ಲಿ. ಹಸಿ ಅಡಿಕೆ ಸುಲಿದರೆ ಚೊಗರು ಹತ್ತಿ ಬೆರಳ ತುದಿ ಕಪ್ಪಾಗುತ್ತದೆ, ಸಿಪ್ಪೆ ಏಳುತ್ತದೆ. ಬೆರಳಚ್ಚು ಹಿಡಿಯುವುದು ನಿಂತಿತು. ಫೋನು ಪ್ಯಾಟರ್ನ್ ಕೇಳಿತು. ಅದನ್ನು ಎಳೆದವನು ಅಂಗಡಿ ಹುಡುಗ, ಅಪ್ಪನಿಗೆ ಆ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ. ದೀಪಾವಳಿಗೆ ಬಂದ ನಾನು, ಫೋಟೋ ಹೇಗೂ ಗೂಗಲ್‌ನಲ್ಲಿ ಬ್ಯಾಕಪ್ ಆಗಿರುತ್ತೆ ಅಲ್ವಾ ಅಂದುಕೊಂಡು, ಪವರ್ ಮತ್ತು ವಾಲ್ಯೂಮ್ ಬಟನ್ ಒತ್ತಿ ಹಿಡಿದು ರೀಸೆಟ್ ಮಾಡಿಬಿಟ್ಟೆ. ಫೋನ್ ಆನ್ ಆಗಿ, ಮೊದಲು ಈ ಫೋನಿನಲ್ಲಿ ಇದ್ದ ಗೂಗಲ್ ಖಾತೆ ಹಾಕಿ ಅಂತ ಕೇಳಿತು. ಅಲ್ಲಿಗೆ ನಿಂತಿತು.

ರಿಪೇರಿಯವರು ಇದನ್ನು ಎಫ್‌ಆರ್‌ಪಿ ಲಾಕ್ ಅನ್ನುತ್ತಾರೆ. ಕದ್ದ ಫೋನು ಕಳ್ಳನಿಗೆ ಉಪಯೋಗಕ್ಕೆ ಬರಬಾರದು ಅಂತ 2015ರಲ್ಲಿ ಆಂಡ್ರಾಯ್ಡ್ 5.1ರಿಂದ ಬಂದ ಬೀಗ. ಒಳ್ಳೆಯ ಬೀಗವೇ, ಆದರೆ ನಮ್ಮ ಕೀಲಿ ಇನ್ನೊಬ್ಬನ ಹತ್ತಿರ ಇತ್ತು. ಅಂಗಡಿಗೆ ಹೋದರೆ ಆ ಹುಡುಗ ಕೆಲಸ ಬಿಟ್ಟಿದ್ದ, ಅವನ ನಂಬರ್ ಸ್ವಿಚ್ ಆಫ್. ಸರ್ವಿಸ್ ಸೆಂಟರಿನವರು ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ನಮೂದಾದ ಬಿಲ್ಲು ತನ್ನಿ, ಇಲ್ಲದಿದ್ದರೆ ನಾವು ಮುಟ್ಟುವುದಿಲ್ಲ ಅಂದರು. ಅವರದು ತಪ್ಪಲ್ಲ, ಫೋನ್ ಯಾರದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಹತ್ತಿರ ಇದ್ದಿದ್ದು ಆ ಚೀಟಿ. ಐನೂರು ಕೊಡಿ, ಬೈಪಾಸ್ ಮಾಡಿಕೊಡ್ತೀವಿ ಅಂದವರೂ ಸಿಕ್ಕರು. ಒಪ್ಪಲಿಲ್ಲ. ಮುಂದೆ ಬ್ಯಾಂಕಿನ ಆ್ಯಪ್ ಹಾಕುವ ಫೋನು, ಒಳಗೆ ಏನು ತುಂಬುತ್ತಾರೋ. ನಾಲ್ಕು ಸಲ ಓಡಾಡಿ ಅಂಗಡಿ ಮಾಲೀಕರಿಂದ ಸರಿಯಾದ ಬಿಲ್ಲು ಬರೆಸಿಕೊಂಡ ಮೇಲೆ ಫೋನು ತೆರೆಯಿತು.

ನನಗೆ ಜಾಸ್ತಿ ಭಯ ಆಗಿದ್ದು ಜಾಹೀರಾತಿಗಲ್ಲ. ರಿಕವರಿ ನಂಬರ್ ಯಾರ ಕೈಯಲ್ಲಿದೆಯೋ ಅವರು ಪಾಸ್‌ವರ್ಡ್ ಬದಲಾಯಿಸಿಕೊಳ್ಳಬಹುದು. ಅಪ್ಪನ ಫೋಟೋ, ಕಾಂಟ್ಯಾಕ್ಟು ಎಲ್ಲವೂ ಏಳು ತಿಂಗಳು ಹಾಗೆ ಇತ್ತು.

ಈಗ ತೆಗೆದುಕೊಳ್ಳುವವರಿಗೆ. ಡಬ್ಬಿಯ ಸೀಲನ್ನು ನಿಮ್ಮ ಎದುರೇ ಒಡೆಸಿ. *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ, ಎರಡು ಸಿಮ್ಮಿಗೆ ಎರಡು. ಡಬ್ಬಿಯ ಮೇಲಿನದು, ಬಿಲ್ಲಿನಲ್ಲಿರುವುದು, ಪರದೆಯಲ್ಲಿರುವುದು ಮೂರೂ ಒಂದೇ ಇರಬೇಕು. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ಆ ನಂಬರ್ ಹಾಕಿ ನೋಡಬಹುದು. ಮೊಬೈಲಿನ 18 ಪರ್ಸೆಂಟ್ ಜಿಎಸ್‌ಟಿ ಎಂಆರ್‌ಪಿಯಲ್ಲೇ ಸೇರಿರುತ್ತದೆ, ಬಿಲ್ಲಿಗೆ ಅಂತ ಎಂಆರ್‌ಪಿ ಮೇಲೆ ಕೇಳಿದರೆ ಕೊಡಬೇಡಿ. ಮನೆಯಲ್ಲಿ ಸಿಗ್ನಲ್ ಇಲ್ಲದೆ ಫೈಬರ್ ಇಂಟರ್ನೆಟ್ ಇದ್ದರೆ, ನಿಮ್ಮ ಸಿಮ್ಮಿಗೆ ಆ ಮಾಡೆಲ್ಲಿನಲ್ಲಿ ವೈಫೈ ಕಾಲಿಂಗ್, ಅಂದರೆ ವೈಫೈ ಮೂಲಕವೇ ಮಾಮೂಲಿ ಕರೆ, ಬರುತ್ತದಾ ಅಂತ ಮೊದಲು ಕೇಳಿ. ಮಲೆನಾಡಿನ ಮನೆಗೆ ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಇದು ಮುಖ್ಯ.

ಡಬ್ಬಿ ಹಿಡಿದು ಮನೆಗೆ ಬನ್ನಿ. ಖಾತೆ ನೀವೇ ಮಾಡಿ, ರಿಕವರಿಗೆ ಮನೆಯವರ ನಂಬರೇ ಹಾಕಿ, ಪಿನ್ನನ್ನು ಫೋನ್ ಬಳಸುವವರ ಕೈಯಲ್ಲೇ ಹತ್ತು ಸಲ ಒತ್ತಿಸಿ. ಕನ್ನಡ ಬೇಕೆಂದರೆ ಭಾಷೆಯ ಸೆಟ್ಟಿಂಗಿನಲ್ಲೇ ಇದೆ. ದೊಡ್ಡ ಅಕ್ಷರ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿದೆ. ಗೂಗಲ್ ಕೀಬೋರ್ಡಿನಲ್ಲಿ ಕನ್ನಡ ಸೇರಿಸಿದರೆ ಬೆರಳಲ್ಲಿ ಬರೆದರೂ, ಬಾಯಲ್ಲಿ ಹೇಳಿದರೂ ಅಕ್ಷರ ಮೂಡುತ್ತದೆ. ಲಾಂಚರ್, ಕ್ಲೀನರ್ ಸುಮ್ನೆ, ಯಾವುದೂ ಬೇಡ.

ಈಗ ಬಿಲ್ಲು, ಪಾಸ್‌ವರ್ಡ್ ಬರೆದ ಹಾಳೆ ಎರಡೂ ಪಹಣಿ ಇಟ್ಟ ಟ್ರಂಕಿನಲ್ಲಿವೆ. ಹಳೆಯ ಖಾತೆ ಮಾತ್ರ ತೆರೆಯಲೇ ಇಲ್ಲ. ಮೊಮ್ಮಗಳ ನಾಮಕರಣದ ಫೋಟೋ ತಂಗಿಯ ಹತ್ತಿರ ಎಂಟು ಇದ್ದವು. ಅಪ್ಪ ತಾವೇ ತೆಗೆದಿದ್ದು ಒಂದೂ ಸಿಕ್ಕಿಲ್ಲ.